ಪ್ರಶ್ನೋತ್ತರ: ಎಫ್‌ಪಿಜಿಎ ಚಿಪ್ ಯಾರ ಮಾತನ್ನು ನಂಬಬೇಕು?

ಪ್ರಶ್ನೆ: ನಮ್ಮದು ಪೀಣ್ಯದಲ್ಲಿ ಮೋಟಾರ್ ಕಂಟ್ರೋಲರ್ ತಯಾರಿಸುವ ಸಣ್ಣ ಘಟಕ. ಬೋರ್ಡ್‌ನಲ್ಲಿ ಆರ್ಟಿಕ್ಸ್-7 ಎಂಬ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಮಗೆ ಬೇಕಾದಂತೆ ಜೋಡಿಸಿಕೊಳ್ಳಬಹುದಾದ ಚಿಪ್) ಬಳಸುತ್ತೇವೆ. ರಿಪೇರಿಗೆ ಮರಳಿದ ಬೋರ್ಡೊಂದರಲ್ಲಿ ಫ್ಲ್ಯಾಶ್ ಮೆಮೊರಿಯನ್ನು ಯಾರೋ ಕಿತ್ತು ಮತ್ತೆ ಬೆಸುಗೆ ಹಾಕಿದ್ದ ಗುರುತು ಕಂಡಿತು. ಚಿಪ್‌ನ ವಿನ್ಯಾಸವನ್ನು ಹೊತ್ತ ಕಡತವಾದ ಬಿಟ್‌ಸ್ಟ್ರೀಮ್ ಅನ್ನು ಎನ್‌ಕ್ರಿಪ್ಟ್ ಮಾಡಿ ಗೂಢಲಿಪಿಯಾಗಿಸಿಬಿಟ್ಟರೆ ಸಾಕೇ?
– ಒಬ್ಬ ಎಂಜಿನಿಯರ್, ಬೆಂಗಳೂರು

ಉತ್ತರ: ಎನ್‌ಕ್ರಿಪ್ಟ್ ಮಾಡಲೇಬೇಕು, ಆದರೆ ಅಷ್ಟೇ ಸಾಲದು. ಈ ಜಾತಿಯ ಎಫ್‌ಪಿಜಿಎ ತನ್ನ ವಿನ್ಯಾಸವನ್ನು ಎಸ್‌ರ‍್ಯಾಮ್ ಮೆಮೊರಿ ಕೋಶಗಳಲ್ಲಿ ಇಟ್ಟುಕೊಳ್ಳುವುದರಿಂದ ವಿದ್ಯುತ್ ಹೋದೊಡನೆ ಎಲ್ಲವನ್ನೂ ಮರೆಯುತ್ತದೆ. ವಿದ್ಯುತ್ ಬಂದಾಗಲೆಲ್ಲ ಪಕ್ಕದ ಎಂಟು ಕಾಲಿನ ಫ್ಲ್ಯಾಶ್‌ನಿಂದ ಬಿಟ್‌ಸ್ಟ್ರೀಮ್ ಓದಿಕೊಂಡ ಮೇಲಷ್ಟೇ ಅದು ಕೆಲಸಕ್ಕೆ ನಿಲ್ಲುತ್ತದೆ. ಆರ್ಟಿಕ್ಸ್ 35ಟಿ ಚಿಪ್‌ಗೆ ಬೇಕಾಗುವುದು ಸುಮಾರು 1.75 ಕೋಟಿ ಬಿಟ್, ಅಂದರೆ ಎರಡು ಮೆಗಾಬೈಟ್‌ಗಿಂತ ತುಸು ಹೆಚ್ಚು. ಫ್ಲ್ಯಾಶ್‌ಗೆ ಕ್ಲಿಪ್ ಹಾಕಿ ಇಷ್ಟನ್ನು ಓದಲು ಹೆಚ್ಚು ಹೊತ್ತು ಬೇಡ. ನೀವೇ ಒಮ್ಮೆ ಓದಿ, ಹೆಕ್ಸ್ ಎಡಿಟರ್‌ನಲ್ಲಿ ತೆರೆದು ನೋಡಿ: ಮೊದಲು ಎಫ್‌ಎಫ್‌ಗಳ ಸಾಲುಗಳು, ಸ್ವಲ್ಪ ಕೆಳಗೆ ಎಎ 99 55 66 ಎಂಬ ನಾಲ್ಕು ಬೈಟ್‌ಗಳು. ಚಿಪ್ ಎದುರು ನೋಡುವ ಸಂಕೇತವೇ ಅದು. ಅದರ ಮುಂದೆ ಸೊನ್ನೆಗಳು ಸಾಲುಸಾಲಾಗಿ ಕಂಡರೆ ನಿಮ್ಮ ವಿನ್ಯಾಸ ತೆರೆದ ಬಾಗಿಲ ಮನೆಯಂತೆ ಕುಳಿತಿದೆ ಎಂದೇ ತಿಳಿಯಿರಿ.

ಆರ್ಟಿಕ್ಸ್-7 ಸೇರಿರುವ 7 ಸರಣಿಯ ಚಿಪ್‌ಗಳಲ್ಲಿ ಎಇಎಸ್-256 ಎಂಬ ವಿಧದ ಎನ್‌ಕ್ರಿಪ್ಶನ್ ಇದೆ, ಯಾರಾದರೂ ತಿದ್ದಿದ್ದಾರೆಯೇ ಎಂದು ಪತ್ತೆ ಹಚ್ಚಲು ತನ್ನದೇ ಗುಟ್ಟಿನ ಕೀಲಿಯುಳ್ಳ ಎಚ್‌ಎಂಎಸಿ ಪರೀಕ್ಷೆಯೂ ಇದೆ. ಹಾಗಿದ್ದರೂ 2020ರಲ್ಲಿ ಜರ್ಮನಿಯ ಬೋಹುಮ್‌ನ ಸಂಶೋಧಕರಾದ ಮೈಕ್ ಎಂಡರ್, ಅಮಿರ್ ಮೊರಾದಿ ಮತ್ತು ಕ್ರಿಸ್ಟೋಫ್ ಪಾರ್ ಈ ರಕ್ಷಣೆಯನ್ನು ಪೂರ್ತಿಯಾಗಿ ಭೇದಿಸಿ ತೋರಿಸಿದರು. ಆ ದೋಷಕ್ಕೆ ‘ಸ್ಟಾರ್‌ಬ್ಲೀಡ್’ ಎಂಬ ಹೆಸರು ಬಿತ್ತು. ಅವರು ಗೂಢಲಿಪಿ ಬಿಡಿಸುವ ಕೀಲಿಯನ್ನು ಕದಿಯಲೇ ಇಲ್ಲ. ಮಾಹಿತಿಯ ತುಣುಕುಗಳನ್ನು ಒಂದಕ್ಕೊಂದು ಬೆಸೆಯುತ್ತ ಎನ್‌ಕ್ರಿಪ್ಟ್ ಮಾಡುವ, ಇಲ್ಲಿ ಬಳಕೆಯಾಗುವ ಸಿಬಿಸಿ ವಿಧಾನದಲ್ಲಿ ಎನ್‌ಕ್ರಿಪ್ಟ್ ಆದ ಒಂದು ತುಣುಕಿನ ಬಿಟ್ ತಿರುಗಿಸಿದರೆ, ಬಿಡಿಸಿದಾಗ ಮುಂದಿನ ತುಣುಕಿನ ಅದೇ ಜಾಗದ ಬಿಟ್ ತಿರುಗುತ್ತದೆ. ಈ ಗುಣವನ್ನು ಹಿಡಿದುಕೊಂಡು ಅವರು ಬಿಟ್‌ಸ್ಟ್ರೀಮ್‌ನೊಳಗಿನ ಆದೇಶವೊಂದನ್ನು ಬದಲಿಸಿ, ಚಿಪ್ ಬಿಡಿಸಿದ ಮಾಹಿತಿಯ 32 ಬಿಟ್‌ಗಳು ಡಬ್ಲ್ಯುಬಿಸ್ಟಾರ್ ಎಂಬ ರಿಜಿಸ್ಟರ್‌ಗೆ (ಚಿಪ್‌ನೊಳಗಿನ ಪುಟ್ಟ ನೆನಪಿನ ಜಾಗ) ಹೋಗಿ ಕೂರುವಂತೆ ಮಾಡಿದರು. ಕೊನೆಯಲ್ಲಿ ಎಚ್‌ಎಂಎಸಿ ಪರೀಕ್ಷೆ ನಡೆದು ಮೋಸ ಬಯಲಾಗುತ್ತದೆ, ಚಿಪ್ ರೀಸೆಟ್ ಆಗುತ್ತದೆ. ಆದರೆ ಮುಂದಿನ ಬೂಟ್ ವಿಳಾಸವನ್ನು ನೆನಪಿಡಲೆಂದೇ ಇರುವ ಆ ರಿಜಿಸ್ಟರ್ ರೀಸೆಟ್‌ಗೆ ಅಳಿಯುವುದಿಲ್ಲ. ಬಳಿಕ ಎನ್‌ಕ್ರಿಪ್ಟ್ ಆಗದ ಪುಟ್ಟ ಬಿಟ್‌ಸ್ಟ್ರೀಮ್ ಒಂದನ್ನು ತುಂಬಿಸಿ ಆ ರಿಜಿಸ್ಟರನ್ನು ಓದಿಕೊಂಡರೆ 32 ಬಿಟ್ ಕೈಗೆ ಬಂತು. ಇದನ್ನೇ ಮತ್ತೆ ಮತ್ತೆ ಮಾಡಿದರೆ ಇಡೀ ವಿನ್ಯಾಸ ಹೊರಬರುತ್ತದೆ. ಎಚ್‌ಎಂಎಸಿ ಕೀಲಿಯೂ ಬಿಟ್‌ಸ್ಟ್ರೀಮ್‌ನೊಳಗೇ ಇರುವುದರಿಂದ, ಒಮ್ಮೆ ಓದಿದವರು ಚಿಪ್ ಒಪ್ಪುವಂಥ ನಕಲಿಯನ್ನೂ ಹೊಸೆಯಬಲ್ಲರು. ದೋಷ ಸಿಲಿಕಾನ್‌ನಲ್ಲಿಯೇ ಇದ್ದುದರಿಂದ ಮಾರಾಟವಾಗಿ ಹೋದ ಚಿಪ್‌ಗಳನ್ನು ಸರಿಪಡಿಸುವ ದಾರಿ ಇಲ್ಲ.

ನನ್ನ ಎಣಿಕೆಯಲ್ಲಿ ತಪ್ಪಿನ ಬೇರು ಇರುವುದು ಕ್ರಮದಲ್ಲಿ: ಕಳಿಸಿದವರು ಯಾರೆಂದು ತಿಳಿಯುವ ಮೊದಲೇ ಚಿಪ್ ಅವರ ಆದೇಶಗಳನ್ನು ಪಾಲಿಸುತ್ತಾ ಹೋಯಿತು. ಗುಟ್ಟು ಕಾಯುವುದು ಒಂದು ಕೆಲಸ, ಬಂದವರ ಗುರುತು ಹಿಡಿಯುವುದು ಇನ್ನೊಂದು. ಈಗಿನ ಬೋರ್ಡ್‌ಗಳಿಗೆ ಎನ್‌ಕ್ರಿಪ್ಶನ್ ಹಾಕಿ, ಚಿಪ್‌ನ ಪರೀಕ್ಷೆಗೆಂದು ಇರುವ ಜೆಟ್ಯಾಗ್ ಕನೆಕ್ಟರ್ ಅನ್ನು ಹೊರಗೆ ಬಿಡಬೇಡಿ. ಇದರಿಂದ ಸಾಮಾನ್ಯ ನಕಲಿಗಾರರು ಹಿಂದೆ ಸರಿಯುತ್ತಾರೆ. ಮುಂದಿನ ವಿನ್ಯಾಸಕ್ಕೆ ಡಿಜಿಟಲ್ ಸಹಿಯನ್ನು ಪರಿಶೀಲಿಸುವ ಚಿಪ್ ಆರಿಸಿಕೊಳ್ಳಿ. ಉದಾಹರಣೆಗೆ ಜಿಂಕ್ ಅಲ್ಟ್ರಾಸ್ಕೇಲ್ ಪ್ಲಸ್ ಎಂಬ ಚಿಪ್ ಆರ್‌ಎಸ್‌ಎ-4096 ಮಾದರಿಯ ಸಹಿಯನ್ನು ಪರಿಶೀಲಿಸಬಲ್ಲದು, ಅದರ ಸಾರ್ವಜನಿಕ ಕೀಲಿಯ ಹ್ಯಾಶ್ (ಕೀಲಿಯ ಬೆರಳಚ್ಚಿನಂಥ ಸಂಖ್ಯೆ) ಒಮ್ಮೆ ಮಾತ್ರ ಬರೆಯಬಹುದಾದ ಇ-ಫ್ಯೂಸ್‌ನಲ್ಲಿ ಇರುತ್ತದೆ. ಆದರೆ ಅದೇ ಚಿಪ್‌ನಲ್ಲಿ ಸಹಿ ಬಿಟ್ಟು ಬರೀ ಎನ್‌ಕ್ರಿಪ್ಶನ್ ಬಳಸುವ ವಿಧಾನವೂ ಇದೆ. ಅದರಲ್ಲಿ ಬೂಟ್ ಕಡತದ ತಲೆಭಾಗವಾದ ಬೂಟ್ ಹೆಡರ್‌ನ ಅಸಲಿತನವನ್ನು ಯಾರೂ ಪರೀಕ್ಷಿಸುವುದಿಲ್ಲ ಎಂದು 2019ರಲ್ಲಿ ಎಫ್-ಸೆಕ್ಯೂರ್ ಸಂಸ್ಥೆಯ ತಜ್ಞರು ತೋರಿಸಿದ್ದಾರೆ. ಆ ವಿಧಾನದ ಹತ್ತಿರವೂ ಸುಳಿಯಬೇಡಿ.

ಪ್ರಶ್ನೆ: ನಮ್ಮ ವಿನ್ಯಾಸದಲ್ಲಿ ಕದಿಯುವಂಥ ಗುಟ್ಟೇನೂ ಇಲ್ಲ. ಆದರೂ ಇಷ್ಟೆಲ್ಲ ಬೇಕೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬೇಕು. ಕದಿಯುವುದಕ್ಕಿಂತ ಬದಲಿಸುವುದು ಹೆಚ್ಚಿನ ಅಪಾಯ. ಸಿಸ್ಕೊ ರೂಟರ್‌ಗಳಲ್ಲಿ ಬೂಟ್ ತಂತ್ರಾಂಶ ಅಸಲಿಯೇ ಎಂದು ಪರೀಕ್ಷಿಸಲು ‘ಟ್ರಸ್ಟ್ ಆ್ಯಂಕರ್’ ಎಂಬ ಭಾಗವಿದೆ. ಹಲವು ಮಾದರಿಗಳಲ್ಲಿ ಅದನ್ನು ಎಫ್‌ಪಿಜಿಎಯಲ್ಲಿಯೇ ಕಟ್ಟಿದ್ದರು. ಆ ಎಫ್‌ಪಿಜಿಎಯ ಬಿಟ್‌ಸ್ಟ್ರೀಮ್ ಮಾತ್ರ ಯಾವ ರಕ್ಷಣೆಯೂ ಇಲ್ಲದೆ ಫ್ಲ್ಯಾಶ್‌ನಲ್ಲಿತ್ತು. ರೂಟರ್‌ನ ರೂಟ್ ಅಧಿಕಾರ (ಪೂರ್ಣ ನಿಯಂತ್ರಣ) ಪಡೆದವರು ಆ ಬಿಟ್‌ಸ್ಟ್ರೀಮ್ ತಿದ್ದಿ ಕಾವಲನ್ನೇ ಮಲಗಿಸಬಹುದೆಂದು 2019ರ ಮೇ ತಿಂಗಳಲ್ಲಿ ರೆಡ್ ಬಲೂನ್ ಸೆಕ್ಯುರಿಟಿ ಸಂಸ್ಥೆ ಪ್ರಕಟಿಸಿತು. ಅಲ್ಲಿ ಕದಿಯುವಂಥದ್ದು ಏನೂ ಇರಲಿಲ್ಲ. ನಿಮ್ಮ ಯಂತ್ರದಲ್ಲಿ ಮೋಟಾರಿನ ವೇಗದ ಮಿತಿ ಬಿಟ್‌ಸ್ಟ್ರೀಮ್‌ನಲ್ಲಿದ್ದರೆ, ಅದನ್ನು ತಿದ್ದಿದರೆ ಯಾರ ಕೈ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಯೋಚಿಸಿ ನೋಡಿ.

ಪ್ರಶ್ನೆ: ಕೀಲಿಯನ್ನು ಬ್ಯಾಟರಿ ಬೆಂಬಲದ ಮೆಮೊರಿಯಲ್ಲಿ ಇಡಬೇಕೋ, ಇ-ಫ್ಯೂಸ್‌ನಲ್ಲೋ?
– ಎಂ.ಟೆಕ್. ವಿದ್ಯಾರ್ಥಿನಿ, ಮೈಸೂರು

ಉತ್ತರ: ಬ್ಯಾಟರಿ ಬೆಂಬಲದ ಮೆಮೊರಿಯ ಗುಣವೆಂದರೆ, ಪೆಟ್ಟಿಗೆ ತೆರೆದ ಸುಳಿವು ಸಿಕ್ಕೊಡನೆ ಕೀಲಿಯನ್ನು ಅಳಿಸಬಹುದು. ದೋಷವೆಂದರೆ, ಬಟನ್ ಸೆಲ್ ಸತ್ತ ದಿನ ಉಪಕರಣವೂ ನಿಲ್ಲುತ್ತದೆ. ಇ-ಫ್ಯೂಸ್‌ಗೆ ಬ್ಯಾಟರಿಯ ಹಂಗಿಲ್ಲ, ಆದರೆ ಒಮ್ಮೆ ಬರೆದದ್ದು ಬರೆದದ್ದೇ. ಕಾರ್ಖಾನೆಯ ಧೂಳು, ಶಾಖಗಳ ನಡುವೆ ವರ್ಷಗಟ್ಟಲೆ ಓಡಬೇಕಾದ ಸರಕಿಗೆ ನಾನು ಇ-ಫ್ಯೂಸ್ ಅನ್ನೇ ಹೇಳುತ್ತೇನೆ. ನಾನು ಹಿಂದೆ ಸಲಹೆಗೆ ಹೋಗುತ್ತಿದ್ದ ಒಂದು ಘಟಕದಲ್ಲಿ ಪರೀಕ್ಷೆಗೆಂದು ಮಾಡಿದ್ದ ಕೀಲಿಯ ಕಡತವನ್ನೇ ಹನ್ನೆರಡು ಬೋರ್ಡ್‌ಗಳ ಇ-ಫ್ಯೂಸ್‌ಗೆ ಬರೆದುಬಿಟ್ಟಿದ್ದರು. ಹನ್ನೆರಡರಲ್ಲಿಯೂ ಚಿಪ್ ಬದಲಿಸಬೇಕಾಯಿತು. ಆದ್ದರಿಂದ ಬೆಂಚಿನ ಮೇಲೆ ಪ್ರಯೋಗ ನಡೆಯುವಷ್ಟು ಕಾಲ ಬ್ಯಾಟರಿ ಮೆಮೊರಿಯನ್ನೇ ಬಳಸಿ. ಅಸಲಿ ಕೀಲಿಯನ್ನು ಇ-ಫ್ಯೂಸ್‌ಗೆ ಬರೆಯುವ ದಿನ ಮೊದಲು ಒಂದೇ ಬೋರ್ಡ್‌ಗೆ ಬರೆದು, ವಿದ್ಯುತ್ ತೆಗೆದು ಹಾಕಿ, ಅದು ಸರಿಯಾಗಿ ಏಳುವುದನ್ನು ಕಣ್ಣಾರೆ ಕಂಡ ಮೇಲೆ ಉಳಿದವುಗಳಿಗೆ ಕೈ ಹಾಕಿ.