"ನನ್ನ ವೆಬ್‌ಸೈಟಿನ ಅಂಕ ಯಾವಾಗ ಅಪ್‌ಡೇಟ್ ಆಗುತ್ತೆ, ಮೇಡಂ?"

ಆಪ್ತಸಮಾಲೋಚನೆಗೆ ನನ್ನ ಬಳಿ ಬಂದು ಹೀಗೆ ಕೇಳಿದ ಇವರು ದಾವಣಗೆರೆಯವರು, ಮೂವತ್ತರ ಆಸುಪಾಸಿನ ವಯಸ್ಸು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯೂ ಇದೆ. ಸರ್ಕಾರಿ ಯೋಜನೆ, ನೌಕರಿ ಸುದ್ದಿ ಹಾಕುವ ಕನ್ನಡ ವೆಬ್‌ಸೈಟ್ ನಡೆಸುತ್ತಾರೆ. ಜಾಹೀರಾತಿನ ದುಡ್ಡಲ್ಲೇ ಮನೆ ನಡೆಯುತ್ತಿತ್ತು. ಗೂಗಲ್‌ನ ಒಂದು ಕೋರ್ ಅಪ್‌ಡೇಟ್ (ಹುಡುಕಿದಾಗ ಯಾವ ಸೈಟ್ ಮೇಲೆ ಬರಬೇಕು ಅನ್ನುವ ಲೆಕ್ಕದಲ್ಲಿ ದೊಡ್ಡ ಬದಲಾವಣೆ) ಆದ ಮೇಲೆ ಓದುಗರು ಅರ್ಧಕ್ಕಿಂತ ಕಡಿಮೆಯಾದರು. ಆದಾಯವೂ ಅಷ್ಟೇ ಇಳಿಯಿತು.

ಕರೆತಂದಿದ್ದು ಹೆಂಡತಿ. "ಊಟಕ್ಕೆ ಕೂತ್ರೂ ಮೊಬೈಲ್, ರಾತ್ರಿ ಎದ್ರೂ ಮೊಬೈಲ್. ಮಗು ಹತ್ರ ಬಂದ್ರೆ ಸಿಡುಕ್ತಾರೆ. ಏನ್ರೀ ಅಂದ್ರೆ, ಅಪ್‌ಡೇಟ್ ಬರ್ಲಿ ತಡಿ, ಎಲ್ಲ ಸರಿಹೋಗುತ್ತೆ ಅಂತಾರೆ ಮೇಡಂ."

ನಿದ್ದೆ ಬಗ್ಗೆ ಕೇಳುತ್ತಿದ್ದೆ. ಅವರ ಫೋನು ಮಡಿಲಲ್ಲಿತ್ತು, ಪರದೆ ಆಫ್ ಆಗಿತ್ತು. ಆದರೂ ಹೆಬ್ಬೆರಳು ಅದರ ಮೇಲೆ ಮೇಲಿಂದ ಕೆಳಕ್ಕೆ ಎಳೆಯುತ್ತಲೇ ಇತ್ತು, ರಿಫ್ರೆಶ್ ಮಾಡುವ ಹಾಗೆ. ಅವರಿಗೆ ಅದು ಗೊತ್ತೇ ಇರಲಿಲ್ಲ.

ಅವರು ಕಾಯುತ್ತಿದ್ದದ್ದು ನೂರಕ್ಕೆ ಇಷ್ಟು ಅಂತ ವೆಬ್‌ಸೈಟಿಗೆ ಬೀಳುವ ಒಂದು ಅಂಕಕ್ಕೆ. ಅದನ್ನು ಕೊಡುವುದು ಗೂಗಲ್ ಅಲ್ಲ, ಹುಡುಕಾಟದಲ್ಲಿ ಸೈಟ್ ಎಷ್ಟು ಮೇಲೆ ಬರಬಹುದು ಅನ್ನುವ ಬೇರೆ ಕಂಪನಿಯ ಅಂದಾಜು. ಇಂಥ ಅಂಕಗಳನ್ನು ತಾನು ಬಳಸುವುದಿಲ್ಲ ಅಂತ ಗೂಗಲ್ ಕಡೆಯವರೇ ಹೇಳಿದ್ದಾರೆ. ಹಿಂದೆ ಗೂಗಲ್ಲೇ ತನ್ನ ಟೂಲ್‌ಬಾರ್‌ನಲ್ಲಿ ಸೊನ್ನೆಯಿಂದ ಹತ್ತರವರೆಗಿನ ಅಂಕವಾಗಿ ಪೇಜ್‌ರ‍್ಯಾಂಕ್ ತೋರಿಸುತ್ತಿತ್ತು, ಅದು ತಿಂಗಳುಗಟ್ಟಲೆ ಬದಲಾಗುತ್ತಿರಲಿಲ್ಲ. ಆಗಲೂ ಜನ ಹೀಗೇ ಕಾಯುತ್ತಿದ್ದರು. 2013ರ ಡಿಸೆಂಬರ್ ನಂತರ ಅದು ಅಪ್‌ಡೇಟ್ ಆಗಲಿಲ್ಲ, 2016ರಲ್ಲಿ ತೆಗೆದೇಬಿಟ್ಟರು. ಇದನ್ನೆಲ್ಲ ನನಗೆ ಹೇಳಿದ್ದು ಅವರೇ! ಗೊತ್ತಿದ್ದೂ ನೋಡುತ್ತಿದ್ದರು. ಹಾಗಾಗಿ ಬುದ್ಧಿ ಹೇಳಿ ಪ್ರಯೋಜನವಿರಲಿಲ್ಲ.

ಒಂದು ರಾತ್ರಿ ಸುಮ್ನೆ ನೋಡಿದಾಗ ಅಂಕ ಏರಿತ್ತಂತೆ. ಚಟ ಅಂಟಿದ್ದು ಅಲ್ಲಿ. ಫಲ ಯಾವಾಗ ಸಿಗುತ್ತೆ ಅಂತ ಗೊತ್ತಿಲ್ಲದಿದ್ದರೆ ಪಾರಿವಾಳ ಕೂಡ ಕುಕ್ಕುವುದನ್ನು ಬೇಗ ಬಿಡುವುದಿಲ್ಲ ಅಂತ ಮನಃಶಾಸ್ತ್ರಜ್ಞ ಸ್ಕಿನ್ನರ್ ಪ್ರಯೋಗ ಮಾಡಿ ತೋರಿಸಿದ್ದರು. ಇದರ ಜೊತೆಗೆ ಇನ್ನೊಂದು ನೋವೂ ಇತ್ತು. ಓದಿದವರೆಲ್ಲ ಬೆಂಗಳೂರಿಗೆ ಹೋದರು, ಇವರು ಊರಲ್ಲೇ ಉಳಿದರು. ಮದುವೆ ಮನೆಯಲ್ಲಿ ಯಾರಾದರೂ "ಏನ್ ಮಾಡ್ಕೊಂಡಿದೀಯಪ್ಪಾ?" ಅಂದರೆ ತೋರಿಸಲು ಆಫೀಸಿಲ್ಲ, ಬೋರ್ಡಿಲ್ಲ. ಆ ಅಂಕವೊಂದೇ ಇತ್ತು.

ಮುಂದಿನ ಸಲ ಒಬ್ಬರೇ ಬಂದರು. ಕೈಗಡ ತಂದು, ಯಾರಿಗೋ ಕೊಟ್ಟು ಬ್ಯಾಕ್‌ಲಿಂಕ್ (ಬೇರೆ ಸೈಟುಗಳಿಂದ ತಮ್ಮ ಸೈಟಿಗೆ ಬರುವ ಲಿಂಕ್) ಕೊಂಡಿದ್ದರು. ಹೆಂಡತಿಗೆ ತಿಳಿಸಿರಲಿಲ್ಲ. ರ‍್ಯಾಂಕಿಗಾಗಿ ಲಿಂಕ್ ಕೊಳ್ಳುವುದು ಗೂಗಲ್‌ನ ಸ್ಪ್ಯಾಮ್ ನಿಯಮಕ್ಕೆ ವಿರುದ್ಧ, ಅದೂ ಅವರಿಗೆ ಗೊತ್ತಿತ್ತು. ನನ್ನ ಕಣ್ಣಿಗೆ ಅಂಕಕ್ಕಿಂತ ದೊಡ್ಡ ಸಮಸ್ಯೆ ಈ ಗುಟ್ಟೇ. ನೀವೇ ಹೇಳಿ, ನಾನು ಹೇಳುವುದಿಲ್ಲ, ಬೇಕಿದ್ದರೆ ಇಲ್ಲೇ ಕೂತು ಹೇಳಿ ಅಂದೆ.

ವೆಬ್‌ಸೈಟ್ ಮುಚ್ಚಿ ಅಂತ ನಾನು ಹೇಳಲಿಲ್ಲ. ಅದು ದುಡಿಮೆ, ಚಟ ಅಲ್ಲ. ಅಂಕ ನೋಡುವ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಲು ಹೇಳಿದೆ: ಅಂಕ ಏರಿದ್ದರೆ ಈಗ ಏನು ಮಾಡುತ್ತೇನೆ, ಇಳಿದಿದ್ದರೆ ಏನು ಮಾಡುತ್ತೇನೆ. ಎರಡೂ ಉತ್ತರ ಒಂದೇ ಆದರೆ ನೋಡುವ ಹಾಗಿಲ್ಲ. ವಾರದ ನಂತರ ನೋಟ್‌ಬುಕ್ ತಂದರು. ಹೆಚ್ಚುಕಮ್ಮಿ ಎಲ್ಲ ಪುಟದಲ್ಲೂ ಎರಡೂ ಕಡೆ ಅದೇ ಸಾಲು, "ನಾಳೆಯ ಪೋಸ್ಟ್ ಬರೆಯುವುದು". ಓದುತ್ತಾ ಅವರಿಗೇ ನಗು ಬಂತು.

ಆ ಅಂಕದ ಆ್ಯಪ್ ತೆಗೆಸಿದೆವು. ಗೂಗಲ್‌ನದೇ ಸರ್ಚ್ ಕನ್ಸೋಲ್ (ಹುಡುಕಿ ಸೈಟಿಗೆ ಎಷ್ಟು ಜನ ಬಂದರು ಅಂತ ತೋರಿಸುವುದು) ಸೋಮವಾರ ತಿಂಡಿಯಾದ ಮೇಲೆ ಒಂದು ಸಲ. ಅದರ ಪಕ್ಕಾ ಲೆಕ್ಕ ಬರುವುದೇ ಎರಡು ಮೂರು ದಿನ ತಡವಾಗಿ, ನಡುರಾತ್ರಿ ನೋಡಿ ಏನು ಬಂತು? ಪಾಸ್‌ವರ್ಡ್ ಹೆಂಡತಿ ಕೈಗೆ ಕೊಡುತ್ತೇನೆ ಅಂದರು, ಬೇಡ ಅಂದೆ. ಹೆಂಡತಿ ಪೊಲೀಸ್ ಆದರೆ ಜಗಳ ಜಾಸ್ತಿಯಾಗುತ್ತೆ ಅಷ್ಟೇ. ಫೋನ್ ಚಾರ್ಜಿಗೆ ಹಾಲ್‌ನಲ್ಲಿ. ಬೆಳಿಗ್ಗೆ ಕುಂದವಾಡ ಕೆರೆ ಕಡೆ ವಾಕಿಂಗ್, ಫೋನಿಲ್ಲದೆ.

ಕೋರ್ ಅಪ್‌ಡೇಟ್ ಘೋಷಣೆಯಾದರೆ ತಾರೀಖು ಬರೆದಿಡಬೇಕು, ಅದು ಮುಗಿಯುವ ತನಕ ಸೈಟನ್ನು ಕೆದಕಬಾರದು, ದುಡ್ಡಂತೂ ಹಾಕಲೇಬಾರದು. 2024ರ ಮಾರ್ಚ್‌ನ ಅಪ್‌ಡೇಟ್ ಮುಗಿಯಲು 45 ದಿನ ಹಿಡಿದಿತ್ತು. ಮುಗಿದ ಮೇಲೂ ಒಂದು ವಾರ ಬಿಟ್ಟು ಹೋಲಿಸಿ ಅನ್ನುತ್ತದೆ ಗೂಗಲ್. ಹೋದ ಓದುಗರು ವಾಪಸ್ ಬರುತ್ತಾರೆ ಅಂತ ನಾನು ಭರವಸೆ ಕೊಡಲಿಲ್ಲ. ಅದು ಯಾರ ಕೈಯಲ್ಲೂ ಇಲ್ಲ ಅಲ್ವಾ?

ಅವರ ತಂದೆ ಮೆಕ್ಕೆಜೋಳ ಬೆಳೆಯುವವರು. ನನ್ನ ಎಷ್ಟೋ ಮಾತಿಗಿಂತ ಅವರ ಒಂದು ಮಾತು ಮಗನಿಗೆ ನಾಟಿತಂತೆ: "ದಿನಾ ಎಪಿಎಂಸಿಗೆ ಹೋಗಿ ರೇಟ್ ನೋಡ್ತಾ ನಿಂತ್ರೆ ಇಲ್ಲಿ ಕಣದಾಗೆ ಜೋಳ ಒಣಗ್ಸೋರ್ ಯಾರು?"

ಸಾಯುವ ಯೋಚನೆ ಬರುತ್ತದಾ ಅಂತಲೂ ನೇರವಾಗಿ ಕೇಳಿದ್ದೆ. ಇಲ್ಲ ಅಂದರು. ಇದೆ ಅಂದಿದ್ದರೆ ಅವತ್ತೇ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಓದುವವರಲ್ಲಿ ಯಾರಿಗಾದರೂ ಹಾಗನ್ನಿಸಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಉಚಿತ, ಹಗಲು ರಾತ್ರಿ ಇರುತ್ತದೆ.

ಸಾಲದ ವಿಷಯ ಹೆಂಡತಿಗೆ ಹೇಳಿದರು. ಸ್ವಲ್ಪ ದಿನ ಮಾತು ಬಿಟ್ಟಿದ್ದರಂತೆ. ಆಮೇಲೆ ಕಂತನ್ನು ಮನೆಖರ್ಚಿನ ಲೆಕ್ಕಕ್ಕೆ ಸೇರಿಸಿದ್ದಾರೆ. ಇವರು ಮಂಡಿಪೇಟೆಯ ಒಂದೆರಡು ಅಂಗಡಿಗೆ ವೆಬ್‌ಸೈಟ್ ಮಾಡಿಕೊಡುವ ಕೆಲಸ ಹಿಡಿದಿದ್ದಾರೆ. ಓದುಗರು ಸ್ವಲ್ಪ ಮಾತ್ರ ವಾಪಸ್ ಬಂದಿದ್ದಾರೆ. ಮೊನ್ನೆ ಹೊಸ ಅಪ್‌ಡೇಟ್ ಸುದ್ದಿ ಬಂದಾಗ ಎರಡು ರಾತ್ರಿ ಮತ್ತೆ ನೋಡಿದರಂತೆ, ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೂ ಬಂದಿದ್ದರು. ಮುಂದಿನ ಭೇಟಿ ಹದಿನೈದು ದಿನದ ಬದಲು ವಾರಕ್ಕೇ ಇಟ್ಟುಕೊಂಡಿದ್ದೇವೆ.