ಬೆಳ್ಳಿಯ ಮೊದಲ ಸ್ಮರಣಾರ್ಥ ನಾಣ್ಯ: ಮೂರರಲ್ಲಿ ಯಾವುದು?

ಪ್ರಶ್ನೆ: ಚಲಾವಣೆಗೆ ಬಂದ ಸ್ಮರಣಾರ್ಥ ನಾಣ್ಯಗಳನ್ನು ಹಲವು ವರ್ಷಗಳಿಂದ ಸಂಗ್ರಹಿಸುತ್ತಿದ್ದೇನೆ. 1964ರ ನೆಹರೂ ರೂಪಾಯಿಯಿಂದ ಹಿಡಿದು 2006ರ ಬಸವೇಶ್ವರರ ಐದು ರೂಪಾಯಿಯವರೆಗೆ ಬಹುಪಾಲು ನನ್ನಲ್ಲಿವೆ. ಈಗ ಬೆಳ್ಳಿಯ ನಾಣ್ಯವೊಂದನ್ನು ಕೊಳ್ಳುವ ಮನಸ್ಸಿದೆ. 1969ರ ಗಾಂಧಿ ಶತಮಾನೋತ್ಸವದ ಹತ್ತು ರೂಪಾಯಿ, ಬಸವೇಶ್ವರರ ನೂರು ರೂಪಾಯಿ, ತಂಜಾವೂರು ಬೃಹದೀಶ್ವರ ದೇವಾಲಯದ ಸಾವಿರ ರೂಪಾಯಿ, ಈ ಮೂರರಲ್ಲಿ ಒಂದಕ್ಕೆ ಮಾತ್ರ ಹಣ ಹೊಂದಿಸಬಲ್ಲೆ. ಯಾವುದನ್ನು ಕೊಳ್ಳಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬಸವೇಶ್ವರರ ನೂರು ರೂಪಾಯಿಯನ್ನು ಕೊಳ್ಳಿ. ಅದೇ ವಿಷಯದ ಐದು ರೂಪಾಯಿ ನಿಮ್ಮಲ್ಲಿ ಈಗಾಗಲೇ ಇರುವುದರಿಂದ, ನೂರು ರೂಪಾಯಿ ಸೇರಿದರೆ 2006ರ ಆ ಬಿಡುಗಡೆಯ ಎರಡೂ ಮುಖಬೆಲೆಗಳು ನಿಮ್ಮ ಸಂಗ್ರಹದಲ್ಲಿ ಒಟ್ಟಿಗೆ ಬರುತ್ತವೆ. ಬಿಡಿ ನಾಣ್ಯ ಎಷ್ಟೇ ಅಪರೂಪವಾಗಿದ್ದರೂ, ನಿಮ್ಮಲ್ಲಿರುವ ಬೇರೆ ನಾಣ್ಯಗಳ ಜೊತೆ ಅದಕ್ಕೆ ಸಂಬಂಧವಿಲ್ಲದಿದ್ದರೆ ಸಂಗ್ರಹ ಬೆಳೆಯುವುದಿಲ್ಲ, ಸಂಖ್ಯೆ ಮಾತ್ರ ಹೆಚ್ಚುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದರೂ ಬೆಲೆಯ ವಿಷಯವನ್ನು ವಿವರವಾಗಿ ಹೇಳಬೇಕು, ಏಕೆಂದರೆ ಹೊಸದಾಗಿ ಬೆಳ್ಳಿಗೆ ಕೈಹಾಕುವವರು ಎಡವುವುದು ಇಲ್ಲಿಯೇ. 1969ರ ಗಾಂಧಿ ನಾಣ್ಯದ ತೂಕ 15 ಗ್ರಾಂ, ಅದರಲ್ಲಿ ಬೆಳ್ಳಿ ಶೇ 80, ಅಂದರೆ 12 ಗ್ರಾಂ ಶುದ್ಧ ಬೆಳ್ಳಿ. 2006ರ ಕಾಲದ ನೂರು ರೂಪಾಯಿ ನಾಣ್ಯಗಳು 44 ಮಿಲಿಮೀಟರ್ ವ್ಯಾಸದವು, 35 ಗ್ರಾಂ ತೂಕದವು. ಅವುಗಳಲ್ಲಿ ಬೆಳ್ಳಿ ಅರ್ಧದಷ್ಟು, ಅಂದರೆ ಹದಿನೇಳೂವರೆ ಗ್ರಾಂ, ಉಳಿದದ್ದು ತಾಮ್ರ, ನಿಕಲ್ ಮತ್ತು ಸತು. ವ್ಯಾಪಾರಿ ಹೇಳಿದ ಬೆಲೆಯಿಂದ ಅಂದಿನ ಪೇಟೆ ದರದ ಪ್ರಕಾರ ಈ ಬೆಳ್ಳಿಯ ಮೌಲ್ಯವನ್ನು ಕಳೆಯಿರಿ. ಉಳಿಯುವ ಮೊತ್ತವೇ ನೀವು ನಾಣ್ಯದ ಅಪರೂಪಕ್ಕೆ, ಸ್ಥಿತಿಗೆ ಮತ್ತು ಟಂಕಸಾಲೆಯ ಪೆಟ್ಟಿಗೆಗೆ ಕೊಡುವ ಹಣ. ಗಾಂಧಿ ನಾಣ್ಯ ದೊಡ್ಡ ಸಂಖ್ಯೆಯಲ್ಲಿ ಟಂಕಿತವಾದದ್ದರಿಂದ ಇಂದಿಗೂ ಸುಲಭವಾಗಿ ಸಿಗುತ್ತದೆ, ಹಾಗಾಗಿ ಸಾಮಾನ್ಯ ಸ್ಥಿತಿಯ ನಾಣ್ಯಕ್ಕೆ ಬೆಳ್ಳಿಯ ಮೌಲ್ಯದ ಮೇಲೆ ಹೆಚ್ಚು ಕೊಡುವ ಅಗತ್ಯವಿಲ್ಲ. ಅದನ್ನು ಮುಂದೆ ಯಾವಾಗಲಾದರೂ ಕೊಳ್ಳಬಹುದು. ನೂರು ರೂಪಾಯಿ ನಾಣ್ಯಗಳ ಪರಿಸ್ಥಿತಿ ಬೇರೆ. ಅವು ಚಲಾವಣೆಗೆ ಬರದೆ, ಸಂಗ್ರಹಕಾರರು ಮುಂಗಡವಾಗಿ ಬೇಡಿಕೆ ಸಲ್ಲಿಸಿ ಟಂಕಸಾಲೆಯಿಂದಲೇ ಪಡೆದಂಥವು. ಬುಕಿಂಗ್ ಅವಧಿ ಮುಗಿದ ಮೇಲೆ ಅವು ಸಿಗುವುದು ಇನ್ನೊಬ್ಬ ಸಂಗ್ರಹಕಾರನಿಂದ ಅಥವಾ ವ್ಯಾಪಾರಿಯಿಂದ ಮಾತ್ರ.

ತಂಜಾವೂರಿನ ನಾಣ್ಯದ ಮೇಲೆ ನಿಮಗಿರುವ ಆಸೆ ನನಗೆ ಅರ್ಥವಾಗುತ್ತದೆ. ದೇವಾಲಯಕ್ಕೆ 2010ರಲ್ಲಿ ಸಾವಿರ ವರ್ಷ ತುಂಬಿದ ನೆನಪಿಗೆ ಬಂದ ಆ ನಾಣ್ಯದ ಮುಖಬೆಲೆಯೇ ಗಮನ ಸೆಳೆಯುತ್ತದೆ. ಆದರೆ ಮುಖಬೆಲೆಗೂ ಅಪರೂಪಕ್ಕೂ ಸಂಬಂಧವಿಲ್ಲ, ಮೇಲಾಗಿ ಹೆಸರುವಾಸಿಯಾದ ನಾಣ್ಯಗಳಿಗೇ ನಕಲುಗಾರರು ಹೆಚ್ಚು. ನಕಲು ಗುರುತಿಸುವ ಅಭ್ಯಾಸವಾಗುವವರೆಗೆ ಅದು ಕಾಯಲಿ.

ಬಸವೇಶ್ವರರ ನಾಣ್ಯ ಕೊಳ್ಳುವಾಗ ಅದು ಪ್ರೂಫ್ ನಾಣ್ಯವೋ ಯುಎನ್‌ಸಿಯೋ (ಅನ್‌ಸರ್ಕ್ಯುಲೇಟೆಡ್, ಅಂದರೆ ಸಾಮಾನ್ಯ ರೀತಿಯಲ್ಲಿ ಟಂಕಿಸಿದ, ಬಳಕೆಯಾಗದ ನಾಣ್ಯ) ಎಂದು ಮೊದಲು ಕೇಳಿ. ಪ್ರೂಫ್ ನಾಣ್ಯವನ್ನು ಹೊಳಪು ಕೊಟ್ಟ ಅಚ್ಚುಗಳಿಂದ ಒಂದಕ್ಕಿಂತ ಹೆಚ್ಚು ಸಲ ಒತ್ತಿ ತಯಾರಿಸುವುದರಿಂದ ಅದರಲ್ಲಿ ಚಿತ್ರವಿಲ್ಲದ ಬಯಲು ಭಾಗ ಕನ್ನಡಿಯಂತೆ ಕಾಣುತ್ತದೆ, ಚಿತ್ರ ಮಂಜು ಕವಿದಂತೆ ಮೇಲೆದ್ದಿರುತ್ತದೆ. ಯುಎನ್‌ಸಿ ನಾಣ್ಯವನ್ನು ಪಾಲಿಶ್ ಮಾಡಿ ಪ್ರೂಫ್ ಎಂದು ಮಾರುವವರಿದ್ದಾರೆ. ಭೂತಗನ್ನಡಿಯಲ್ಲಿ ಒಂದೇ ದಿಕ್ಕಿಗೆ ಹೋಗುವ ಸೂಕ್ಷ್ಮ ಗೆರೆಗಳು ಕಂಡರೆ ಅದನ್ನು ಬಿಡುವುದೇ ಲೇಸು. ಟಂಕಸಾಲೆಯ ಮೂಲ ಪೆಟ್ಟಿಗೆಯೂ ಕಾರ್ಡೂ ಇದ್ದರೆ ಸ್ವಲ್ಪ ಹೆಚ್ಚು ಕೊಡಬಹುದು. ವ್ಯಾಪಾರಿಯ ಎದುರಿಗೇ ತೂಗಿಸಿ ನೋಡಿ. ಅಯಸ್ಕಾಂತಕ್ಕೆ ಅಂಟುವ ನಾಣ್ಯ ಬೆಳ್ಳಿಯದಲ್ಲ.

ಐದು ಅಥವಾ ಹತ್ತು ರೂಪಾಯಿಯ ವೈಷ್ಣೋದೇವಿ ನಾಣ್ಯಕ್ಕೆ ಲಕ್ಷಗಟ್ಟಲೆ ಸಿಗುತ್ತದೆ ಎಂದು ಹೇಳಿ ಮುಂಗಡ ಶುಲ್ಕ ಕೇಳುವವರನ್ನು ನಂಬಬೇಡಿ. ಹಳೆಯ ನಾಣ್ಯಗಳ ಕೊಡುಕೊಳ್ಳುವಿಕೆಗೆ ತನ್ನ ಹೆಸರು ಬಳಸಿ ಕಮಿಷನ್ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿಯೇ ಸಾರ್ವಜನಿಕರನ್ನು ಎಚ್ಚರಿಸಿದೆ. ಹಾಗೆಯೇ ಟಂಕಸಾಲೆಯಲ್ಲಿ ಇನ್ನೂ ಬುಕಿಂಗ್ ತೆರೆದಿರುವ ಹೊಸ ನಾಣ್ಯಕ್ಕೆ ವ್ಯಾಪಾರಿಗೆ ದುಪ್ಪಟ್ಟು ಕೊಡಬೇಡಿ.

ಮನೆಗೆ ತಂದ ಮೇಲೆ ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ, ಬಟ್ಟೆಯಿಂದ ಒರೆಸಬೇಡಿ. ಅರ್ಧದಷ್ಟು ಬೆಳ್ಳಿ ಮತ್ತು ಬಹಳಷ್ಟು ತಾಮ್ರವಿರುವ ಮಿಶ್ರಲೋಹ ಬೇಗ ಕಪ್ಪಾಗುತ್ತದೆ. ರಬ್ಬರ್ ಬ್ಯಾಂಡ್, ವೃತ್ತಪತ್ರಿಕೆ ಮತ್ತು ಮೆತ್ತನೆಯ ಪಿವಿಸಿ ಲಕೋಟೆಗಳಿಂದ ಅದನ್ನು ದೂರವಿಟ್ಟು, ಗಟ್ಟಿ ಕ್ಯಾಪ್ಸೂಲಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ.