ಕಾಂಗ್ರೆಸ್ ಗಿಡದ ಲೇಖನ ಕಳುಹಿಸಿದವರಿಗೆ

ಪ್ರಿಯ ಮಿತ್ರರೇ,

ಹುಳುಗಳು ರೋಗ ಹರಡಿ ಕಾಂಗ್ರೆಸ್ ಗಿಡವನ್ನು ನಿರ್ನಾಮ ಮಾಡುತ್ತವೆ ಎಂಬ ನಿಮ್ಮ ಲೇಖನವನ್ನು ಗೌರಿಬಿದನೂರಿನಿಂದ ಬಂದ ದಿನವೇ ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಆದರೆ ಕೈಬಿಡಬೇಡಿ. ಕಳೆ ಕಿತ್ತು ಬಂದ ನಿಮ್ಮ ಅಮ್ಮ ತುರಿಕೆ ತಾಳಲಾರದೆ ಬಕೆಟ್ಟಿನ ತಣ್ಣೀರಿನಲ್ಲಿ ಕೈ ಅದ್ದಿಕೊಂಡು ಕೂರುವ ನಾಲ್ಕು ಸಾಲುಗಳಿವೆಯಲ್ಲ, ಅಷ್ಟನ್ನು ಬರೆದವರು ಉಳಿದದ್ದನ್ನೂ ಬರೆಯಬಲ್ಲರು.

ಮೊದಲು ತಪ್ಪು ಹೇಳಿಬಿಡುತ್ತೇನೆ. ಈ ಕಳೆಯನ್ನು ಹತೋಟಿಗೆ ತರಲೆಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಮೆಕ್ಸಿಕೋ ದುಂಬಿ ರೋಗ ಹರಡಿ ಗಿಡವನ್ನು ಕೊಲ್ಲುವುದಿಲ್ಲ. ಮಾಸಲು ಬಿಳಿ ಬೆನ್ನಿನ ಮೇಲೆ ಕಂದು ಗೆರೆ ಎಳೆದಂತಿರುವ ಆ ಹುಳು ಎಲೆಯನ್ನೇ ತಿಂದು ಗಿಡವನ್ನು ಬೋಳು ಮಾಡುತ್ತದೆ. ರೋಗ ತರುವುದು ಜಿಗಿಹುಳು. ಅದು ರಸ ಹೀರುವಾಗ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಗಿಡಕ್ಕೆ ದಾಟುತ್ತದೆ. ಹೂವಾಗಬೇಕಾದದ್ದು ಹಸಿರು ಎಲೆಯ ಗೊಂಚಲಾಗಿ, ಬೀಜ ಕಟ್ಟುವುದಿಲ್ಲ. ಎರಡನ್ನೂ ನೀವು ಒಂದೇ ಹುಳುವಿನ ತಲೆಗೆ ಕಟ್ಟಿದ್ದೀರಿ. ಎಳ್ಳಿನ ಹೂವೂ ಇಂಥದೇ ರೋಗದಿಂದ ಎಲೆಯಾಗುತ್ತದೆ. ಕಳೆಯ ರೋಗ ತಮ್ಮ ಬೆಳೆಗೂ ಬರುತ್ತದೆಯೇ ಎಂದೇ ಎಳ್ಳು ಬಿತ್ತುವವರು ಮೊದಲು ಕೇಳುವುದು, ನೀವು ಅದರ ಗೊಡವೆಗೇ ಹೋಗಿಲ್ಲ.

ನನಗೆ ನಿಜಕ್ಕೂ ಬೇಸರವಾದದ್ದು ಬೇರೆ. ಮೆಕ್ಸಿಕೋವರೆಗೆ ಹೋಗಿ ಬಂದ ಲೇಖನದಲ್ಲಿ ಪಕ್ಕದ ಬಾಗೇಪಲ್ಲಿಯ ಹೆಸರೇ ಇಲ್ಲ! ಸೂರ್ಯಕಾಂತಿಯ ನಂಜುರೋಗ ದೇಶದಲ್ಲಿ ಮೊದಲು ಕಾಣಿಸಿದ್ದು ಅಲ್ಲಿ, 1997ರಲ್ಲಿ. ಆಗ ಅದು ಕೋಲಾರ ಜಿಲ್ಲೆ. ಈ ರೋಗ ಬಂದರೆ ಎಲೆ, ಕಾಂಡ ಸುಟ್ಟಂತೆ ಕಪ್ಪಾಗಿ ತೆನೆ ತಿರುಚಿಕೊಳ್ಳುತ್ತದೆ. ಅದರ ವೈರಸ್ಸು ಮನೆ ಮಾಡಿಕೊಂಡಿರುವುದು ಇದೇ ಕಾಂಗ್ರೆಸ್ ಗಿಡದಲ್ಲಿ. ಗಿಡಕ್ಕೆ ಏನೂ ಆಗುವುದಿಲ್ಲ, ಹಚ್ಚಗೆ ನಿಂತಿರುತ್ತದೆ. ಅದರ ಪರಾಗ ಗಾಳಿಯಲ್ಲಿ ಬಂದು ಬೆಳೆಯ ಎಲೆಯ ಮೇಲೆ ಕೂರುತ್ತದೆ. ಥ್ರಿಪ್ಸ್ ಎಂಬ ಪುಟ್ಟ ಹುಳು ಆ ಎಲೆಯನ್ನು ಕೆರೆದು ಗಾಯ ಮಾಡಿದಾಗ ವೈರಸ್ಸು ಒಳಗೆ ಇಳಿಯುತ್ತದೆ. 2000ದಲ್ಲಿ ಗಡಿಯಾಚೆ ಅನಂತಪುರದ ಕಡಲೆಕಾಯಿ ಹೊಲಗಳನ್ನು ಹಾಳುಗೆಡವಿದ್ದೂ ಇದೇ.

ಹುಳುಗಳನ್ನು ‘ರೈತನ ಸೈನಿಕರು’ ಎಂದು ಕರೆದಿದ್ದೀರಿ. ಇಲ್ಲಿ ಹುಳುವೇ ಕಳೆಯ ರೋಗವನ್ನು ಬೆಳೆಗೆ ದಾಟಿಸಿತು. ಇದನ್ನು ಎದುರಿಗಿಟ್ಟುಕೊಂಡೂ ನಿಮ್ಮ ವಾದ ನಿಲ್ಲುತ್ತದೆಯೇ, ನೋಡಿ. ಒಂದು ದಿನ ಬಾಗೇಪಲ್ಲಿಯ ಬಸ್ ಹತ್ತಿ. 1997ರಲ್ಲಿ ಸೂರ್ಯಕಾಂತಿ ಹಾಕಿದ್ದವರ ಹೊಲದ ಬದುವಿನ ಮೇಲೆ ಕುಳಿತು, ಎಲೆಯಲ್ಲಿ ಮೊದಲು ಏನು ಕಂಡಿತು, ಮರುವರ್ಷ ಏನು ಬಿತ್ತಿದರು ಎಂದು ಕೇಳಿ ಬನ್ನಿ. ಪ್ರಕೃತಿಮಾತೆಯನ್ನು ಕೊಂಡಾಡುವ ಮೊದಲ ಪುಟವನ್ನು ತೆಗೆದುಹಾಕಿ.

ಅಮ್ಮನ ನಾಲ್ಕು ಸಾಲುಗಳನ್ನು ಮಾತ್ರ ಮುಟ್ಟಬೇಡಿ.

ಸಂಪಾದಕ,
ಚಿಕ್ಕಬಳ್ಳಾಪುರ